ಬಾವಿಯೊಳಗಿನ ಕೆಂಪು ಪಟ್ಟಿ

ದಸರಾ ರಜೆಗೆ ಮಗನದು ಒಂದೇ ಹಟ, ಜ್ವಾಲಾಮುಖಿ ನೋಡಬೇಕು. ಎಂಟನೇ ತರಗತಿ, ಪಾಠದಲ್ಲಿ ಚಿತ್ರ ನೋಡಿದ್ದಾನೆ. ನಮ್ಮ ದೇಶದಲ್ಲಿ ಇನ್ನೂ ಜೀವ ಇರೋದು ಅಂಡಮಾನಿನ ಬ್ಯಾರೆನ್ ದ್ವೀಪಕ್ಕೆ. ಅಲ್ಲಿಗೆ ಹೋಗೋದು ನಮ್ಮ ಜೇಬಿಗೆ ಆಗದ ಮಾತು. "ಬಾದಾಮಿಗೆ ನಡಿ, ದಾರ್ಯಾಗ ಲಾವಾ ತೋರಸ್ತೀನಿ" ಅಂದೆ.

ಸುಳ್ಳೇನಲ್ಲ. ನಮ್ಮ ವಿಜಯಪುರ ನಿಂತಿರೋದೇ ಲಾವಾ ಮೇಲೆ. 1656ರ ಗೋಳಗುಮ್ಮಟದ ಕರಿಗಲ್ಲೂ ಅದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಉದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಹರಿದು ಬಂದದ್ದು. ಅದೇ ಕಲ್ಲು ಸವೆದು ಎರೆಮಣ್ಣಾಗಿದೆ. ಇಷ್ಟೆಲ್ಲ ಹೇಳಿದರೆ ಮಗ ಕಿಟಕಿಯಾಚೆ ನೋಡಿ, "ಇದು ಹೊಲ ಅಲ್ಲೇನು?" ಅಂದ.

ಮುಳವಾಡ ದಾಟಿದ ಮೇಲೆ ಮೊಬೈಲಿನ ನಕ್ಷೆ ಒಂದು ಒಳದಾರಿ ತೋರಿಸಿತು. ನಂಬಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಅರ್ಧ ಕಿಲೋಮೀಟರ್ ಹೋಗಿಲ್ಲ, ಕಾರಿನ ಗಾಲಿ ನಿಂತಲ್ಲೇ ತಿರುಗತೊಡಗಿತು. ಇಳಿದರೆ ಚಪ್ಪಲಿ ಕಾಲಿಗೆ ಬರಲಿಲ್ಲ, ಮಣ್ಣಲ್ಲೇ ಉಳಿಯಿತು. ಹುಟ್ಟಿದಾಗಿನಿಂದ ಎರೆ ತುಳಿದವನಿಗೆ ಇಷ್ಟು ತಿಳಿಯಬಾರದೇ? ಇನ್ನೂ ನಾಚಿಕೆಯಾಗುತ್ತೆ. ಮಳೆ ಬಿದ್ದ ಎರಡು ದಿನ ನಕ್ಷೆ ಏನೇ ಹೇಳಲಿ, ಡಾಂಬರು ಬಿಟ್ಟು ಕಾರು ಇಳಿಸಬೇಡಿ. ಹಗ್ಗ ಇಲ್ಲದೆ ಹೊರಡಲೂಬೇಡಿ. ನಮ್ಮ ಹತ್ತಿರ ಇರಲಿಲ್ಲ.

ಹೊಲದ ಯಜಮಾನರು ಬಂದರು. ಅರವತ್ತು ದಾಟಿದವರು, ತಲೆಗೆ ಟವೆಲ್. ಟ್ರ್ಯಾಕ್ಟರ್ ತರೋಕೆ ಹುಡುಗನನ್ನ ಕಳಿಸಿ, "ಅಲ್ಲೀತನ ನೀರ ಕುಡೀರಿ, ಬರ್ರಿ" ಅಂತ ಬಾವಿ ಕಡೆ ಕರೆದುಕೊಂಡು ಹೋದರು.

40 ಅಡಿಯ ತೆರೆದ ಬಾವಿ. ಬಗ್ಗಿ ನೋಡಿದವನು ಅಲ್ಲೇ ನಿಂತೆ. ಮೇಲೆ ಎರೆ, ಅದರ ಕೆಳಗೆ ಗರಸು, ಆಮೇಲೆ ಕಪ್ಪು ಬಂಡೆ. ಆ ಬಂಡೆಯ ಅಡಿಯಲ್ಲಿ, ಯಾರೋ ಇಟ್ಟಿಗೆ ಪುಡಿ ಬಳಿದ ಹಾಗೆ, ಮೊಳದಗಲದ ಕೆಂಪು ಪಟ್ಟಿ. ಅದರ ಕೆಳಗೆ ಮತ್ತೆ ಕಪ್ಪು ಬಂಡೆ.

"ಕಲ್ಲಿನ ನಡುವ ಮಣ್ಣ ಹ್ಯಾಂಗ ಬಂತು ಅಜ್ಜಾ?" ಮಗ ಕೇಳಿದ.

"ನಾನೂ ನಿಮ್ಮಪ್ಪನಂಥವ್ರಿಗೆ ಅದನ್ನ ಕೇಳಬೇಕಂತಿದ್ದೆ ತಮ್ಮಾ. ನೀರಂತೂ ಅದರ ಮ್ಯಾಲಿಂದನ ಜಿನಗತೈತಿ."

ನನಗೆ ಗೊತ್ತಿದ್ದಷ್ಟು ಹೇಳಿದೆ. ಒಂದು ಸಲ ಲಾವಾ ಹರಿದು ತಣ್ಣಗಾಯ್ತು. ಮುಂದಿನದು ಬರೋದರೊಳಗೆ ಬಿಸಿಲು ಮಳೆಗೆ ಕಲ್ಲು ಸವೆದು ಮಣ್ಣಾಯ್ತು. ಆಮೇಲೆ ಬಂದ ಲಾವಾ ಆ ಮಣ್ಣನ್ನು ಸುಟ್ಟು ಮುಚ್ಚಿತು. ಯಜಮಾನರು ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

"ಅಂದ್ರ ಅದೂ ಒಂದು ಹೊಲಾನ ಇತ್ತನ್ರಿ? ಬಿತ್ತವ್ರು ಇರಲಿಲ್ಲ, ಅಷ್ಟ."

ನಾನು ಸುಮ್ಮನಾದೆ. ಇಷ್ಟು ಚೆನ್ನಾಗಿ ನನಗೆ ಹೇಳೋಕೆ ಬರ್ತಿರಲಿಲ್ಲ.

ಬಾವಿ ತೋಡಿದಾಗ ತೆಗೆದ ಕಲ್ಲುರಾಶಿಯಿಂದ ಒಂದು ತುಂಡು ಆರಿಸಿ ಮಗನಿಗೆ ಕೊಟ್ಟರು. ಕರಿಗಲ್ಲಿನ ತುಂಬ ಬಟಾಣಿ ಗಾತ್ರದ ತೂತು, ತೂತಿನೊಳಗೆ ಕಲ್ಲುಸಕ್ಕರೆಯಂಥ ಬಿಳಿ ಹರಳು. ಲಾವಾದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಜಾಗ ಅದು. ಆಮೇಲೆ ನೀರು ಹಾಯ್ದು ಹರಳು ಕಟ್ಟಿದೆ. ಮಗ ನಾಲಿಗೆಗೆ ಹಚ್ಚಿ ನೋಡಿದ. ಟ್ರ್ಯಾಕ್ಟರ್ ಬಂತು, ಕಾರು ಎಳೆಯಿತು. ದುಡ್ಡು ಕೊಡೋಕೆ ಹೋದರೆ ಯಜಮಾನರು ಸಿಟ್ಟಾದರು.

ಕೊಲ್ಹಾರದಲ್ಲಿ ಗಡಿಗೆ ಮೊಸರು ತಿಂದೆವು. ಪ್ಯಾಕೆಟ್ ಮೊಸರನ್ನು ಮೊಸರು ಅನ್ನೋರು ಒಮ್ಮೆ ಇಲ್ಲಿ ಇಳಿಯಬೇಕು. ಕೃಷ್ಣೆಯ ಸೇತುವೆ, ಅನಗವಾಡಿಯ ಘಟಪ್ರಭೆ, ಬಾಗಲಕೋಟೆ, ಎಲ್ಲ ಕಾರಲ್ಲೇ ಹೋಯ್ತು. ಮಗ ಕಲ್ಲು ಹಿಡಿದುಕೊಂಡೇ ನಿದ್ದೆ ಮಾಡಿದ.

ಎದ್ದಾಗ ಗುಡ್ಡ ಕೆಂಪಾಗಿತ್ತು. ಬಾದಾಮಿಯದು ಮರಳುಗಲ್ಲು, ನಮ್ಮ ಲಾವಾಕ್ಕಿಂತ ಎಷ್ಟೋ ಹಳೆಯದು. ಮೂರನೇ ಗುಹೆಯಲ್ಲಿ 578ರಲ್ಲಿ ಮಂಗಳೇಶ ಬರೆಸಿದ ಶಾಸನವಿದೆ. ಆದರೆ ಸೆಲ್ಫಿ ಗದ್ದಲದಲ್ಲಿ ಅಲ್ಲಿ ನಿಲ್ಲೋಕಾಗಲಿಲ್ಲ, ಕೋತಿಗಳೇ ವಾಸಿ. ಅಗಸ್ತ್ಯ ತೀರ್ಥದ ದಂಡೆಗೆ ಬಂದು ಕೂತೆವು. ಮಗ ಬಂಡೆಗೆ ಅಂಗೈ ಉಜ್ಜಿದ, ಸಣ್ಣ ಮರಳು ಉದುರಿತು. ಜೇಬಿನ ಕರಿಗಲ್ಲಿಗೂ ಉಜ್ಜಿದ. ಏನೂ ಉದುರಲಿಲ್ಲ.

ನಾನು ಚಪ್ಪಲಿ ಕಳಚಿ ಮೆಟ್ಟಿಲಿಗೆ ಬಡಿದೆ. ಕೆಂಪು ಕಲ್ಲಿನ ಮೇಲೆ ಕಪ್ಪು ಹೆಂಟೆಗಳು ಬಿದ್ದವು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅವ್ವ ತಲೆಯೆತ್ತಿ ನೋಡಿ, "ಯಾವೂರಿನ ಹೊಲಾರೀ ಇದು?" ಅಂದರು.