ಚಿನ್ನಿಯ ಉಸಿರು

ಇವತ್ತು ನಮ್ಮ ಬೆಕ್ಕು ಚಿನ್ನಿಯನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದೆ. ಆಸ್ತಮಾ ಇರಬಹುದು ಅಂತ ಅನುಮಾನ. ಕಿವಿ ಹಿಂದಕ್ಕೆ ಮಡಚಿ, ಮುದುರಿ ಕೂತಿದ್ದಳು. ಉಸಿರು ಎಣಿಸಿದರೆ ನಿಮಿಷಕ್ಕೆ 56. ಎತ್ತಿಕೊಂಡಾಗ ಮೇಜಿನ ಮೇಲೆ ಅವಳ ಪಾದಗಳ ಒದ್ದೆ ಗುರುತು. ಹೆದರಿದರೆ ಬೆಕ್ಕಿನ ಅಂಗಾಲು ಬೆವರುತ್ತದೆ. ನೋಡಿ ಹೊಟ್ಟೆ ಚುರುಕ್ ಅಂತು.

ಬೆಕ್ಕನ್ನು ಪಾರದರ್ಶಕ ಪೆಟ್ಟಿಗೆಯಲ್ಲಿ ಕೂರಿಸಿ, ಒಳಗಿನ ಗಾಳಿಯ ಒತ್ತಡ ನೋಡಿ ಉಸಿರಾಟ ಅಳೆಯುವ ಪರೀಕ್ಷೆಯೂ ಇದೆ. ಅರಿವಳಿಕೆ ಬೇಡ. ಆದರೆ ಅಲ್ಲೂ ಅದು ಸಮಾಧಾನ ಆಗುವವರೆಗೆ ಕಾಯಲೇಬೇಕು. ಇಲ್ಲದಿದ್ದರೆ ಭಯ ಯಾವುದು, ಕಾಯಿಲೆ ಯಾವುದು ಅಂತ ಗೊತ್ತಾಗೋದು ಹೇಗೆ, ಅಲ್ವಾ?

ಮನೆಯಲ್ಲಿ ನಿದ್ದೆ ಮಾಡುವಾಗ ಎಣಿಸಿ, 30ರ ಒಳಗಿರಬೇಕು ಅಂದರು ಡಾಕ್ಟರ್. ಈಗ ನನ್ನ ಹಳೆ ಸೀರೆ ಮೇಲೆ ಮಲಗಿದ್ದಾಳೆ. ಪಕ್ಕದಲ್ಲೇ ಕೂತು ಎಣಿಸಿದೆ. 24.