ಬುಲ್ಗೊಗಿಗೆ ಪೇರ್ ಹಣ್ಣು, ಅಮ್ಮನ ಪಪ್ಪಾಯಿ ಕಾಯಿ

ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದ ಮೊದಲ ವರ್ಷ ನಾನು ಮಾಡಿದ ಬುಲ್ಗೊಗಿ, ಅಂದರೆ ಮಸಾಲೆಯಲ್ಲಿ ನೆನೆಸಿ ಸುಡುವ ತೆಳ್ಳನೆಯ ದನದ ಮಾಂಸ, ಮೂರು ಸಲ ಕೆಟ್ಟಿತು. ಒಮ್ಮೆ ಮಾಂಸ ಎಷ್ಟು ಅಗಿದರೂ ಗಟ್ಟಿ. ಇನ್ನೊಮ್ಮೆ ಬಾಣಲೆ ತುಂಬ ನೀರು. ಮೂರನೇ ಸಲ ಕಿವಿ ಹಣ್ಣು ಅರೆದು ಹಾಕಿ ರಾತ್ರಿಯಿಡೀ ಇಟ್ಟೆ, ಬೆಳಗ್ಗೆ ಮಾಂಸ ಮುದ್ದೆಯಾಗಿತ್ತು. ಆಮೇಲೆ ಪಕ್ಕದ ಮನೆಯ ಹಲ್ಮೊನಿ, ಅಂದರೆ ಅಜ್ಜಿ, ತಾವೇ ಬಂದು ಕಲಿಸಿದರು.

ಬುಲ್ ಅಂದರೆ ಬೆಂಕಿ, ಗೊಗಿ ಅಂದರೆ ಮಾಂಸ. ಆದರೆ ಹಲ್ಮೊನಿ ಬೆಂಕಿಯ ಮಾತೇ ಎತ್ತಲಿಲ್ಲ. ಮೊದಲು ಮಾಂಸದಂಗಡಿಗೆ ಕರೆದುಕೊಂಡು ಹೋದರು. ಇಲ್ಲಿ ಮಾಂಸಕ್ಕೆ ಇನ್ನೂ 'ಗುನ್' ಲೆಕ್ಕ ಬಳಸುತ್ತಾರೆ, ಒಂದು ಗುನ್ ಅಂದರೆ 600 ಗ್ರಾಂ. 'ಬುಲ್ಗೊಗಿಗೆ' ಅಂದರೆ ಸಾಕು, ಅಂಗಡಿಯವರು ಮಷಿನ್‌ನಲ್ಲಿ ಕಾಗದದಷ್ಟು ತೆಳ್ಳಗೆ ಕೊಯ್ದು ಕೊಡುತ್ತಾರೆ. ಕೊರಿಯಾದ ಸ್ವಂತ ದನದ ತಳಿ ಹನ್‌ವು. ಅದರಲ್ಲಿ 1++ ದರ್ಜೆಯದು ಎಲ್ಲಕ್ಕಿಂತ ಮೇಲು, ಬೆಲೆಯೂ ಹಾಗೆಯೇ. "ಮಸಾಲೆಯಲ್ಲಿ ನೆನೆಸುವುದಕ್ಕೆ ಅದು ಬೇಡ" ಎಂದು ಹಲ್ಮೊನಿ ಆಸ್ಟ್ರೇಲಿಯಾದ ಮಾಂಸ ಕೊಡಿಸಿದರು.

ಮನೆಗೆ ಬಂದ ಮೇಲೆ ಮಾಂಸವನ್ನು ಪೇಪರ್ ಟವೆಲ್ ನಡುವೆ ಒತ್ತಿ ರಕ್ತದ ನೀರು ತೆಗೆದರು. ನಾನು ಯಾವತ್ತೂ ಇದನ್ನು ಮಾಡಿರಲಿಲ್ಲ. ಆಮೇಲೆ ಪೇರ್ ಹಣ್ಣು. ಇಲ್ಲಿಯ ಪೇರ್ ದೊಡ್ಡ ಕಂದು ಸೇಬಿನ ಹಾಗಿರುತ್ತದೆ, ಕಚ್ಚಿದರೆ ಬಾಯಿ ತುಂಬ ನೀರು. ನಾಜು ಊರಿನ ಪೇರ್‌ಗೆ ದೇಶವೆಲ್ಲ ಹೆಸರು. ಅರ್ಧ ಹಣ್ಣು ತುರಿದು ಹಾಕಿದರು. ಸಿಹಿಗಾಗಿ ಮಾತ್ರ ಅಲ್ಲ, ಅದರಲ್ಲಿರುವ ಕಿಣ್ವ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಕಿವಿ ಹಣ್ಣಿನದು ತುಂಬ ಜೋರು, ಜಾಸ್ತಿ ಹೊತ್ತು ಬಿಟ್ಟರೆ ನನಗಾದ ಹಾಗೆ ಆಗುತ್ತದೆ.

ನನಗೆ ತಕ್ಷಣ ಬಂಟ್ವಾಳದ ನಮ್ಮ ಅಡುಗೆಮನೆ ನೆನಪಾಯಿತು. ಬಲಿತ ಮಾಂಸ ಬಂದ ದಿನ ಅಮ್ಮ ಪಪ್ಪಾಯಿ ಕಾಯಿಯ ಒಂದು ತುಂಡು ಹಾಕುತ್ತಿದ್ದರು. ಇದೂ ಅದೇ ಕೆಲಸ ಅಲ್ವಾ!

ಒಂದು ಗುನ್ ಮಾಂಸಕ್ಕೆ 6 ದೊಡ್ಡ ಚಮಚ ಸೋಯಾ ಸಾಸ್, 3 ಚಮಚ ಸಕ್ಕರೆ, 2 ಚಮಚ ಜಜ್ಜಿದ ಬೆಳ್ಳುಳ್ಳಿ, ಒಂದು ಈರುಳ್ಳಿ, ಈರುಳ್ಳಿ ಹೂ, ಕಾಳುಮೆಣಸಿನ ಪುಡಿ. ಕೊನೆಗೆ ಒಂದು ಚಮಚ ಎಳ್ಳೆಣ್ಣೆ. ಅದು ಹುರಿದ ಎಳ್ಳಿನ ಕಪ್ಪು ಎಣ್ಣೆ, ನಮ್ಮ ಉಪ್ಪಿನಕಾಯಿಗೆ ಹಾಕುವ ಎಳ್ಳೆಣ್ಣೆಯಿಂದ ಆ ಪರಿಮಳ ಬರುವುದಿಲ್ಲ. ಚಮಚ ಪಕ್ಕಕ್ಕಿಟ್ಟು ಕೈಯಲ್ಲೇ 'ಜೋಮುಲ್ ಜೋಮುಲ್' ಎಂದು ಮೆಲ್ಲಗೆ ಕಲಸಬೇಕು. ಕೈ ಆಡಿಸುವ ಬಗೆಗೇ ಆ ಮಾತು. ಒಳ್ಳೆಯ ಅಡುಗೆಗೆ ಇವರು 'ಸೊನ್‌ಮತ್' ಇದೆ ಅನ್ನುತ್ತಾರೆ. ಸೊನ್ ಅಂದರೆ ಕೈ, ಮತ್ ಅಂದರೆ ರುಚಿ. ನಮ್ಮ ಕೈರುಚಿಯೇ.

ಫ್ರಿಜ್‌ನಲ್ಲಿ ಒಂದು ಗಂಟೆ ಸಾಕು. ಬಾಣಲೆ ಚೆನ್ನಾಗಿ ಕಾದಿರಬೇಕು, ಒಂದೊಂದು ಹಿಡಿ ಮಾತ್ರ ಹಾಕಬೇಕು. ಎಲ್ಲ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಸುಡುವುದಿಲ್ಲ. ನೀರಿರುವುದೇ ತಪ್ಪು ಅಂತಲ್ಲ. ಸಿಯೋಲ್ ಕಡೆಯ ಹೋಟೆಲ್‌ಗಳಲ್ಲಿ ನಡುವೆ ಉಬ್ಬಿದ ತಟ್ಟೆಯ ಸುತ್ತ ಸಾರು ಇಟ್ಟೇ ಮಾಡುತ್ತಾರೆ. ಗ್ವಾಂಗ್ಯಾಂಗ್ ಕಡೆ ಮಾತ್ರ ಇದ್ದಿಲ ಮೇಲೆ, ಅದೂ ಸುಡುವ ಸ್ವಲ್ಪ ಮೊದಲು ಮಸಾಲೆ ಕಲಸಿ. ನನಗೆ ಆ ಹೊಗೆಯ ರುಚಿಯೇ ಹೆಚ್ಚು ಇಷ್ಟ.

ತಿನ್ನುವಾಗ ಲೆಟ್ಯೂಸ್ ಎಲೆಯ ಮೇಲೆ ಅನ್ನ, ಮಾಂಸ, ಒಂದು ಚೂರು ಬೆಳ್ಳುಳ್ಳಿ, ಸ್ವಲ್ಪ ಸ್ಸಾಮ್‌ಜಾಂಗ್ (ಹುದುಗಿಸಿದ ಸೋಯಾದ ಖಾರದ ಪೇಸ್ಟ್) ಇಟ್ಟು ಮಡಚಿ ಒಂದೇ ತುತ್ತಿಗೆ ಬಾಯಿಗೆ. ಹಲ್ಮೊನಿ ಮೊದಲನೆಯದನ್ನು ಕಟ್ಟಿ ನನ್ನ ಬಾಯಿಗೇ ಇಟ್ಟರು. ಕೈತುತ್ತು ತಿಂದು ಎಷ್ಟು ವರ್ಷವಾಗಿತ್ತೋ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಆ ಹಣ್ಣು ಇಲ್ಲಿ ಎಲ್ಲಿ ಸಿಗ್ತದೆ ಮಗಾ? ಪಪ್ಪಾಯಿ ಹಾಕಿದ್ರೆ ಆಗುದಿಲ್ವಾ?" ಎಂದು ಕೇಳಿದರು. ಊರಲ್ಲಿ ಸಿಗುವುದು ಎಮ್ಮೆ ಮಾಂಸ, ಅದಕ್ಕೆ ಪಪ್ಪಾಯಿಯೇ ಸರಿ. ಅರೆದದ್ದು ಒಂದೇ ಚಮಚ ಹಾಕಿ, ಅರ್ಧ ಗಂಟೆ ಸಾಕು ಎಂದೆ. ಮಾಂಸವನ್ನು ಒಂದೆರಡು ಗಂಟೆ ಫ್ರೀಜರ್‌ನಲ್ಲಿಟ್ಟರೆ ಮನೆಯ ಕತ್ತಿಯಲ್ಲೂ ತೆಳ್ಳಗೆ ಕೊಯ್ಯಬಹುದು ಎಂದೂ ಹೇಳಿದೆ.

ಭಾನುವಾರ ಫೋಟೋ ಬಂತು. ಎಲೆಯ ಬದಲು ನೀರುದೋಸೆಯಲ್ಲಿ ಸುತ್ತಿದ್ದರು. ಹಲ್ಮೊನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿ, ಆ ಬಿಳಿ ದೋಸೆಯ ಹಿಟ್ಟಿಗೆ ಏನು ಹಾಕುತ್ತೀರಿ ಎಂದು ಕೇಳಿದರು.