ಕಾಪಿ ಮಾಡಿದ್ದಕ್ಕೆ ಫೋಟೋ ಅಡ್ಡ ಬೀಳುವುದಿಲ್ಲ: ಸ್ಟುಡಿಯೋ ಕೆಲಸದವರಿಗೆ

"ಕ್ಯಾಮೆರಾದಾಗ ಬರೋಬ್ಬರಿ ಇದ್ವು, ಕಂಪ್ಯೂಟರ್‌ದಾಗ ಹಾಕಿದ್ರ ಅಡ್ಡ ಬಿದ್ದಾವ್ರಿ." ಮದುವೆ ಸೀಸನ್‌ನಲ್ಲಿ ಕಲಬುರಗಿಯ ಯಾವ ಸ್ಟುಡಿಯೋಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಬೈಗುಳ ಮೊದಲು ಕಾರ್ಡ್ ರೀಡರಿಗೆ, ಆಮೇಲೆ ಕೇಬಲ್ಲಿಗೆ, ಕೊನೆಗೆ ಕಾಪಿ ಮಾಡಿದ ಹುಡುಗನಿಗೆ. ಮೂರಕ್ಕೂ ಇದರಲ್ಲಿ ಪಾತ್ರವಿಲ್ಲ. ಕಾಪಿ ಆಗುವಾಗ ಫೈಲಿನೊಳಗೆ ಒಂದು ಬೈಟೂ ಅದಲುಬದಲಾಗುವುದಿಲ್ಲ. ಕಾರ್ಡಿನಲ್ಲಿದ್ದಾಗಲೂ ಆ ಫೋಟೋ ಅಡ್ಡವೇ ಇತ್ತು. ಕ್ಯಾಮೆರಾ ಅದನ್ನು ಎಬ್ಬಿಸಿ ನಿಲ್ಲಿಸಿ ತೋರಿಸುತ್ತಿತ್ತು, ಅಷ್ಟೇ.

ಕ್ಯಾಮೆರಾದ ಸೆನ್ಸರ್ ಅಡ್ಡಕ್ಕೇ ಕೂರಿಸಿದ ವಸ್ತು. 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಅಡ್ಡ ಹಿಡಿಯಿರಿ, ನಿಲುವಾಗಿ ಹಿಡಿಯಿರಿ, ಬರೆಯುವುದು 6000×4000 ಎಂದೇ. ನಿಲುವಾಗಿ ಹಿಡಿದಾಗ ಪಿಕ್ಸೆಲ್‌ಗಳನ್ನು ತಿರುಗಿಸುವ ಬದಲು ಫೈಲಿನ ಎಕ್ಸಿಫ್ ಭಾಗದಲ್ಲಿ (ಫೋಟೋದ ತಾರೀಖು, ಸೆಟ್ಟಿಂಗ್ ಬರೆದಿಡುವ ಜಾಗ) ಒಂದು ಚೀಟಿ ಅಂಟಿಸುತ್ತದೆ. ಅದರ ಹೆಸರು ಓರಿಯೆಂಟೇಶನ್ ಟ್ಯಾಗ್, ಅದರೊಳಗೆ 1ರಿಂದ 8ರವರೆಗಿನ ಒಂದು ಅಂಕಿ. 1 ಇದ್ದರೆ ಇದ್ದಂತೆಯೇ ತೋರಿಸು. 6 ಇದ್ದರೆ ಗಡಿಯಾರದ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ತೋರಿಸು. 8 ಇದ್ದರೆ ಅದರ ಉಲ್ಟಾ ದಿಕ್ಕಿಗೆ 90. 3 ಎಂದರೆ ತಲೆಕೆಳಗು. ಉಳಿದ 2, 4, 5, 7 ಕನ್ನಡಿ ಬಿಂಬದವು, ಸ್ಟುಡಿಯೋ ಕೆಲಸದಲ್ಲಿ ಅವು ಸಿಗುವುದೇ ಅಪರೂಪ.

ಚೀಟಿಯನ್ನು ಓದುವ ಸಾಫ್ಟ್‌ವೇರ್ ಫೋಟೋವನ್ನು ನಿಲ್ಲಿಸುತ್ತದೆ, ಓದದಿದ್ದದ್ದು ಮಲಗಿಸಿಯೇ ತೋರಿಸುತ್ತದೆ. ವಿಂಡೋಸ್ 7ರ ಫೋಟೋ ವ್ಯೂವರ್ ಓದುತ್ತಿರಲಿಲ್ಲ, ವಿಂಡೋಸ್ 8ರಿಂದ ಓದುವುದು ಶುರುವಾಯಿತು. ಆಲ್ಬಂ ಡಿಸೈನ್ ಮಾಡುವ ಹಳೆಯ ಮಷಿನ್‌ಗಳಲ್ಲಿ ಇನ್ನೂ 7 ಇದ್ದರೆ, ಅದೇ ಪೆನ್‌ಡ್ರೈವ್ ಒಂದು ಟೇಬಲ್ಲಿನಲ್ಲಿ ಸರಿ, ಪಕ್ಕದ ಟೇಬಲ್ಲಿನಲ್ಲಿ ತಪ್ಪು ಕಾಣುವುದಕ್ಕೆ ಕಾರಣ ಇದೇ. ಕಲ್ಯಾಣ ಮಂಟಪದ ಟಿವಿಗೆ ಪೆನ್‌ಡ್ರೈವ್ ಚುಚ್ಚಿದಾಗ ವಧು ವರ ಮಲಗಿಕೊಂಡು ಬರುವುದೂ ಬಹಳ ಸಲ ಇದೇ ಕಾರಣಕ್ಕೆ.

ಹೀಗಾಗಿ ಅಡ್ಡ ಬಿದ್ದ ಫೋಟೋ ಕಂಡ ಕೂಡಲೇ ತಿರುಗಿಸುವ ಬಟನ್ ಒತ್ತಬಾರದು. ದೊಡ್ಡ ಗೊಂದಲ ಹುಟ್ಟುವುದು ಅಲ್ಲಿಂದಲೇ. ಚೀಟಿ ಓದದ ಸಾಫ್ಟ್‌ವೇರಿನಲ್ಲಿ ಕೈಯಾರೆ ತಿರುಗಿಸಿ ಸೇವ್ ಮಾಡಿದರೆ ಪಿಕ್ಸೆಲ್‌ಗಳು ನಿಲ್ಲುತ್ತವೆ, ಆದರೆ ಚೀಟಿಯಲ್ಲಿ 6 ಹಾಗೇ ಉಳಿದಿರಬಹುದು. ಆ ಫೈಲನ್ನು ಫೋಟೋಶಾಪ್‌ನಲ್ಲಿ ತೆರೆದರೆ ಅದು ಚೀಟಿ ಓದಿ ಇನ್ನೊಂದು ಸಲ ತಿರುಗಿಸುತ್ತದೆ. ನಿಂತವರು ಮತ್ತೆ ಮಲಗುತ್ತಾರೆ. ಆಗ ಡಿಸೈನರ್ ಇನ್ನೊಮ್ಮೆ ತಿರುಗಿಸುತ್ತಾನೆ. ಮೂರು ಕೈ ದಾಟುವಷ್ಟರಲ್ಲಿ ಯಾವ ಫೈಲಿನಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು.

ಮೊದಲು ಚೀಟಿಯಲ್ಲಿ ಏನಿದೆ ಎಂದು ನೋಡಬೇಕು. ಫೋಟೋ ನೋಡುವ ಸಾಫ್ಟ್‌ವೇರ್ ಆದ ಇರ್ಫಾನ್‌ವ್ಯೂನಲ್ಲಿ ಫೋಟೋ ತೆರೆದು ಐ ಕೀ ಒತ್ತಿ, ಎಕ್ಸಿಫ್ ಬಟನ್ ಒತ್ತಿದರೆ ಓರಿಯೆಂಟೇಶನ್ ಸಾಲು ಸಿಗುತ್ತದೆ. ಕಮಾಂಡ್ ಬರೆಯಲು ಬರುವವರಿಗೆ ಎಕ್ಸಿಫ್‌ಟೂಲ್ ಒಂದೇ ಏಟಿಗೆ ಇಡೀ ಫೋಲ್ಡರಿನ ಅಂಕಿಗಳನ್ನು ಕೊಡುತ್ತದೆ. ಆಮೇಲೆ ಪಿಕ್ಸೆಲ್ ಅಳತೆ ನೋಡಿ. ಅಳತೆ 6000×4000, ಚೀಟಿ 6 ಅಥವಾ 8 ಎಂದಿದ್ದರೆ ಫೈಲ್ ಇನ್ನೂ ಕ್ಯಾಮೆರಾ ಕೊಟ್ಟಂತೆಯೇ ಇದೆ, ತಪ್ಪು ನೋಡುವ ಸಾಫ್ಟ್‌ವೇರಿನದು. ಅಳತೆ 4000×6000 ಆಗಿದ್ದೂ ಚೀಟಿ 6 ಎಂದಿದ್ದರೆ ಯಾರೋ ಆಗಲೇ ತಿರುಗಿಸಿದ್ದಾರೆ, ಚೀಟಿಯನ್ನು 1 ಮಾಡಿದರೆ ಸಾಕು, ಪಿಕ್ಸೆಲ್ ಮುಟ್ಟುವುದು ಬೇಡ. ಜೆಹೆಡ್ ಎಂಬ ಸಣ್ಣ ಉಪಕರಣದ ನೋರಾಟ್ ಆಯ್ಕೆ ಮಾಡುವುದು ಇದನ್ನೇ: ಚೀಟಿಯನ್ನು 1 ಮಾಡುತ್ತದೆ, ಚಿತ್ರ ಮುಟ್ಟುವುದಿಲ್ಲ.

ಮೊದಲನೇ ಬಗೆಯ, ಅಂದರೆ ಕ್ಯಾಮೆರಾ ಕೊಟ್ಟಂತೆಯೇ ಇರುವ ಫೈಲುಗಳು ಲ್ಯಾಬಿಗೋ ಟಿವಿಗೋ ಹೋಗಬೇಕಾದರೆ ಪಿಕ್ಸೆಲ್ಲನ್ನೇ ತಿರುಗಿಸಿ, ಚೀಟಿ 1 ಮಾಡಿ ಕೊಡುವುದು ಒಳ್ಳೆಯದು. ಜೆಹೆಡ್‌ನ ಆಟೋರಾಟ್ ಆಯ್ಕೆ ಎರಡನ್ನೂ ಒಟ್ಟಿಗೆ ಮಾಡುತ್ತದೆ, ಅದಕ್ಕೆ ಜೆಪೆಗ್ ಫೋಟೋ ತಿರುಗಿಸುವ ಜೆಪೆಗ್‌ಟ್ರಾನ್ ಎಂಬ ಉಪಕರಣ ಜೊತೆಗಿರಬೇಕು. ಕಮಾಂಡ್ ಬೇಡದವರು ಇರ್ಫಾನ್‌ವ್ಯೂನ ಥಂಬ್‌ನೇಲ್ ಕಿಟಕಿಯಲ್ಲಿ ಎಲ್ಲವನ್ನೂ ಆರಿಸಿ, ಜೆಪಿಜಿ ಲಾಸ್‌ಲೆಸ್ ಮೆನುವಿನಲ್ಲಿ ಎಕ್ಸಿಫ್ ಪ್ರಕಾರ ಆಟೋ ರೊಟೇಟ್ ಎಂದು ಕೊಡಬಹುದು. ಅದಕ್ಕೆ ಪ್ಲಗಿನ್ ಹಾಕಿರಬೇಕು. ಫೈಲಿನ ಹಳೆಯ ದಿನಾಂಕ ಉಳಿಸುವ ಗುರುತು ಹಾಕಲು ಮರೆಯಬಾರದು. ಮರೆತರೆ ತಿರುಗಿಸಿದ ಫೋಟೋಗಳಿಗೆಲ್ಲ ಇವತ್ತಿನ ತಾರೀಖು ಬೀಳುತ್ತದೆ. ಮಾಡಿಫೈಡ್ ತಾರೀಖಿನ ಮೇಲೆ ಜೋಡಿಸುವವರ ಫೋಲ್ಡರಿನಲ್ಲಿ ಅಕ್ಷತೆ ಆದಮೇಲೆ ಅರಿಶಿಣ ಬರುತ್ತದೆ!

ಲಾಸ್‌ಲೆಸ್ (ಗುಣಮಟ್ಟ ಕೆಡದಂತೆ) ಎಂಬ ಮಾತಿಗೊಂದು ಶರತ್ತಿದೆ. ಜೆಪೆಗ್ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತದೆ. ಮೊಬೈಲಿನ ಫೋಟೋಗಳಲ್ಲಿ ಈ ಚೌಕ ಸಾಮಾನ್ಯವಾಗಿ 16×16 ಪಿಕ್ಸೆಲ್. ಚೌಕ ಒಡೆಯದೆ ಜಾಗ ಬದಲಿಸಿದರೆ ಗುಣಮಟ್ಟ ಒಂಚೂರೂ ಕೆಡುವುದಿಲ್ಲ. 6000 ಮತ್ತು 4000 ಎರಡೂ 16ರಿಂದ ಪೂರ್ತಿ ಭಾಗವಾಗುತ್ತವೆ. 5184×3456, 4032×3024 ಕೂಡ ಹಾಗೆಯೇ. ಆದರೆ 4000×3000 ಕೊಡುವ ಮೊಬೈಲುಗಳ ಫೋಟೋದಲ್ಲಿ 3000 ಅನ್ನು 16ರಿಂದ ಭಾಗಿಸಿದರೆ 8 ಉಳಿಯುತ್ತದೆ. ಅಂಥದ್ದನ್ನು ಬಲಕ್ಕೆ 90 ಡಿಗ್ರಿ ತಿರುಗಿಸಿದರೆ ಅಂಚಿನ ಆ 8 ಪಿಕ್ಸೆಲ್ ಪಟ್ಟಿ ಜಾಗ ತಪ್ಪಿ ಕೂರುತ್ತದೆ. ಜೆಪೆಗ್‌ಟ್ರಾನ್‌ನಲ್ಲಿ ಟ್ರಿಮ್ ಎಂದು ಕೊಟ್ಟರೆ ಪಟ್ಟಿ ಕತ್ತರಿಸಿ ಬಿಡುತ್ತದೆ. ಪರ್ಫೆಕ್ಟ್ ಎಂದು ಕೊಟ್ಟರೆ ಅಂಥ ಫೈಲನ್ನು ಮಾಡುವುದೇ ಇಲ್ಲ ಎಂದು ಹೇಳುತ್ತದೆ. 12×18 ಇಂಚಿನ ಪ್ರಿಂಟಿನಲ್ಲಿ 8 ಪಿಕ್ಸೆಲ್ ಹೋದರೆ ಯಾರ ಕಣ್ಣಿಗೂ ಬೀಳದು, ಟ್ರಿಮ್ ಸಾಕು.

ಮೂರನೇ ಬಗೆಯ ತಪ್ಪು ಬೇರೆ: ಚೀಟಿಯೇ ಸುಳ್ಳು ಹೇಳುವುದು. ಬೀದರಿನ ಬಿದರಿ ಸಾಮಾನಿನ ಕ್ಯಾಟಲಾಗ್ ಫೋಟೋ ತೆಗೆಯುವವರಿಗೆ ಇದು ಪರಿಚಿತ. ತಟ್ಟೆ, ಪೆಂಡೆಂಟ್, ಡಬ್ಬಿಗಳನ್ನು ಹಾಳೆಯ ಮೇಲೆ ಹರವಿ ಕ್ಯಾಮೆರಾವನ್ನು ನೆಟ್ಟಗೆ ಕೆಳಮುಖವಾಗಿ ಹಿಡಿಯುತ್ತಾರೆ. ಕ್ಯಾಮೆರಾ ತಾನು ಹೇಗೆ ನಿಂತಿದ್ದೇನೆ ಎಂದು ತಿಳಿಯುವುದು ಭೂಮಿ ಎಳೆಯುವ ದಿಕ್ಕು ನೋಡಿ. ಲೆನ್ಸ್ ಕೆಳಕ್ಕೆ ಮುಖ ಮಾಡಿದರೆ ಆ ಎಳೆತ ಲೆನ್ಸಿನ ಗುಂಟವೇ ಬರುತ್ತದೆ, ಎಡ ಬಲ ಗೊತ್ತಾಗುವುದಿಲ್ಲ. ಕೈ ಒಂದು ಕೂದಲೆಳೆ ಅಲುಗಿದರೆ ಒಂದು ಫೋಟೋಕ್ಕೆ 1, ಮುಂದಿನದಕ್ಕೆ 6, ಅದರ ಮುಂದಿನದಕ್ಕೆ 8. ದುಂಡನೆಯ ತಟ್ಟೆಯಲ್ಲಿ ಮೇಲೆ ಯಾವುದು ಎಂದು ಕಣ್ಣಿಗೂ ತಿಳಿಯದು. ಕ್ಯಾಟಲಾಗ್ ಜೋಡಿಸಿದ ಮೇಲೆ ಕಪ್ಪು ಹೊಳಪಿನ ಮೇಲಿನ ಬೆಳಕು ಒಂದರಲ್ಲಿ ಎಡದಿಂದ, ಇನ್ನೊಂದರಲ್ಲಿ ಮೇಲಿನಿಂದ ಬಿದ್ದದ್ದು ಕಾಣುತ್ತದೆ. ಇಂಥ ಕೆಲಸಕ್ಕೆ ಮೊದಲೇ ಕ್ಯಾಮೆರಾದ ಆಟೋ ರೊಟೇಟ್ ಬಂದ್ ಮಾಡಬೇಕು. ಹಾಳೆಯ ಮೂಲೆಯಲ್ಲಿ ಬಾಣ ಬರೆದ ಸಣ್ಣದೊಂದು ಕಾಗದದ ತುಂಡು ಇಟ್ಟು, ಆಮೇಲೆ ಕ್ರಾಪ್‌ನಲ್ಲಿ ತೆಗೆದುಬಿಟ್ಟರೆ ಇನ್ನೂ ಚೆನ್ನ. ಕಲಬುರಗಿ ಕೋಟೆಯ ಜಾಮಿ ಮಸೀದಿಯ ಗುಮ್ಮಟಗಳನ್ನು ಒಳಗಿಂದ ತಲೆ ಎತ್ತಿ ತೆಗೆದರೂ ಇದೇ ಪಾಡು, ಎಳೆತ ಮತ್ತೆ ಲೆನ್ಸಿನ ಗುಂಟವೇ. ಮೇಜಿನ ಮೇಲಿಟ್ಟ ಪಹಣಿ, ರೇಷನ್ ಕಾರ್ಡನ್ನು ಮೊಬೈಲಿನಲ್ಲಿ ತೆಗೆಯುವಾಗಲೂ ಅಷ್ಟೇ. ಮೊಬೈಲನ್ನು ಒಮ್ಮೆ ನೆಟ್ಟಗೆ ಎತ್ತಿ ಹಿಡಿದು, ಪರದೆಯ ಮೇಲಿನ ಗುರುತುಗಳು ಸರಿಯಾಗಿ ತಿರುಗಿದ್ದು ನೋಡಿಕೊಂಡು, ಆಮೇಲೆ ನಿಧಾನವಾಗಿ ಬಗ್ಗಿಸಿ ಕ್ಲಿಕ್ ಮಾಡಬೇಕು.

ಕ್ಯಾಮೆರಾ ಮೆನುವಿನಲ್ಲೂ ಒಂದು ಎಡವಟ್ಟು ಉಂಟು. ನಿಕಾನ್‌ನಲ್ಲಿ ಆಟೋ ಇಮೇಜ್ ರೊಟೇಶನ್ ಎಂಬುದು ಚೀಟಿ ಬರೆಯುವ ಆಯ್ಕೆ, ರೊಟೇಟ್ ಟಾಲ್ ಎಂಬುದು ಕ್ಯಾಮೆರಾದ ಪರದೆಗೆ ಮಾತ್ರ. ಎರಡನೆಯದನ್ನು ಬದಲಿಸಿ ಕಂಪ್ಯೂಟರಿನಲ್ಲಿ ಫಲ ಕಾಯುವವರು ಬಹಳ. ಕ್ಯಾನನ್‌ನಲ್ಲಿ ಮೂರು ಆಯ್ಕೆ: ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡಕ್ಕೂ, ಕಂಪ್ಯೂಟರಿಗೆ ಮಾತ್ರ, ಬಂದ್. ಬಂದ್ ಇದ್ದಾಗ ತೆಗೆದವು ಆಮೇಲೆ ಆನ್ ಮಾಡಿದರೂ ತಿರುಗುವುದಿಲ್ಲ. ನಿಕಾನ್‌ನಲ್ಲಿ ಗುಂಡಿ ಒತ್ತಿ ಹಿಡಿದು ಸಾಲಾಗಿ ತೆಗೆಯುವಾಗ ಮೊದಲ ಫೋಟೋದ ದಿಕ್ಕೇ ಇಡೀ ಸಾಲಿಗೆ ಹೋಗುತ್ತದೆ. ಸುರಗಿ ಸುತ್ತುವಾಗ ಒತ್ತಿ ಹಿಡಿದೇ ಕ್ಯಾಮೆರಾ ಹೊರಳಿಸಿದರೆ ಹೊರಳಿಸಿದ ಮೇಲಿನವೆಲ್ಲ ತಪ್ಪು ದಿಕ್ಕು. ಬೆರಳು ಬಿಟ್ಟು ಮತ್ತೆ ಒತ್ತಬೇಕು.

ಆನ್‌ಲೈನ್ ಅರ್ಜಿ ಹಾಕುವ ಸೆಂಟರಿನವರಿಗೂ ಒಂದು ಮಾತು. ಕ್ರೋಮ್ 81, ಫೈರ್‌ಫಾಕ್ಸ್ 77 ಬಂದ 2020ರಿಂದ ಬ್ರೌಸರ್ ಚೀಟಿ ಓದಿಯೇ ಫೋಟೋ ತೋರಿಸುತ್ತದೆ. ಆದ್ದರಿಂದ ಅಪ್‌ಲೋಡ್ ಪ್ರಿವ್ಯೂನಲ್ಲಿ ಮುಖ ನೆಟ್ಟಗೆ ಕಾಣುತ್ತದೆ. ಆಚೆ ಸರ್ವರ್ ಅದನ್ನು ಸಣ್ಣದು ಮಾಡುವಾಗ ಚೀಟಿ ಓದದೆ ಎಸೆದರೆ ಅಚ್ಚಾಗಿ ಬರುವ ಐಡಿ ಕಾರ್ಡಿನಲ್ಲಿ ಮುಖ ಅಡ್ಡ ಬರುತ್ತದೆ. ಮೊಬೈಲ್ ಫೋಟೋವನ್ನು ಫೋಟೋಶಾಪ್‌ನಲ್ಲಿ ತೆರೆದು, ಕ್ರಾಪ್ ಮಾಡಿ, ಹೊಸ ಜೆಪೆಗ್ ಆಗಿ ಸೇವ್ ಮಾಡಿಯೇ ಹಾಕಬೇಕು. ಆಗ ಪಿಕ್ಸೆಲ್ಲೂ ಚೀಟಿಯೂ ಒಂದೇ ಮಾತು ಹೇಳುತ್ತವೆ.

ಐಫೋನಿನ ಎಚ್ಇಐಸಿ (HEIC) ಫೈಲಿನಲ್ಲಿ ತಿರುಗಿಸುವ ಸೂಚನೆ ಎಕ್ಸಿಫ್ ಚೀಟಿಯಲ್ಲಿ ಮಾತ್ರವಲ್ಲ, ಚಿತ್ರವನ್ನು ತುಂಬಿಟ್ಟ ಫೈಲಿನ ಡಬ್ಬಿಯಲ್ಲೂ ಬೇರೆ ಇರುತ್ತದೆ, ಪಾಲಿಸಬೇಕಾದದ್ದು ಡಬ್ಬಿಯದನ್ನು ಮಾತ್ರ. ಸರಿಯಿಲ್ಲದ ಕನ್ವರ್ಟರ್ ಎರಡನ್ನೂ ಪಾಲಿಸಿ ಎರಡು ಸಲ ತಿರುಗಿಸುತ್ತದೆ. ಇಡೀ ಫೋಲ್ಡರ್ ಹಾಕುವ ಮೊದಲು ಒಂದು ನಿಲುವು, ಒಂದು ಅಡ್ಡ ಫೋಟೋ ಹಾಕಿ ನೋಡಿದರೆ ಐದು ನಿಮಿಷದ ಕೆಲಸ.

ಕೊನೆಗೆ ಥಂಬ್‌ನೇಲ್. ಎಕ್ಸಿಫ್‌ನೊಳಗೆ 160×120ರ ಪುಟ್ಟ ಚಿತ್ರವೊಂದು ಇರುತ್ತದೆ, ಕೆಲವು ಸಾಫ್ಟ್‌ವೇರ್ ದೊಡ್ಡದನ್ನು ತಿರುಗಿಸಿ ಇದನ್ನು ಹಾಗೇ ಬಿಡುತ್ತವೆ. ಲಿಸ್ಟಿನಲ್ಲಿ ಅಡ್ಡ, ತೆರೆದರೆ ನೆಟ್ಟಗೆ ಎಂದರೆ ತಪ್ಪು ಅಲ್ಲಿದೆ. ಜೆಹೆಡ್‌ನ ಆರ್‌ಜಿಟಿ ಆಯ್ಕೆ ಅದನ್ನು ಹೊಸದಾಗಿ ಮಾಡಿ ಕೂರಿಸುತ್ತದೆ. ಫೋಟೋವನ್ನು ಮತ್ತೆ ತಿರುಗಿಸಲು ಹೋಗಬೇಡಿ.